ಯೋಜನೆ ಹುಡುಕುವ ಮೊದಲು ಮನೆಯ ರೇಷನ್ ಕಾರ್ಡ್ ಓದಿ

ಸರ್ಕಾರಿ ಯೋಜನೆಗಳ ಪಟ್ಟಿ ಕೈಯಲ್ಲಿ ಹಿಡಿದು ಹೊರಟರೆ ಚಪ್ಪಲಿ ಸವೆಯುತ್ತದೆಯೇ ಹೊರತು ಕೆಲಸ ಆಗುವುದಿಲ್ಲ. ಇಲಾಖೆಗಳು ಹತ್ತಾರು, ಯೋಜನೆಗಳು ನೂರಾರು, ಸರ್ಕಾರ ಬದಲಾದಂತೆ ಹೆಸರೂ ಬದಲಾಗುತ್ತವೆ. ಇದಕ್ಕಿಂತ ಸುಲಭದ ದಾರಿ ಮನೆಯಿಂದ ಹೊರಡುವುದು. ರೇಷನ್ ಕಾರ್ಡ್ ಮುಂದಿಟ್ಟುಕೊಳ್ಳಿ. ಅದರಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಅವರ ವಯಸ್ಸು, ಮಾಡುವ ಕೆಲಸ, ಓದುವ ತರಗತಿ, ಕಾಯಿಲೆ ಅಥವಾ ಅಂಗವೈಕಲ್ಯ ಇದ್ದರೆ ಅದನ್ನೂ ಬರೆಯಿರಿ. ಯೋಜನೆ ಸಿಗುವುದು ಹೆಚ್ಚಾಗಿ ಆ ಸಾಲುಗಳಲ್ಲೇ.

ಗದಗ-ಬೆಟಗೇರಿಯ ಒಂದು ಮನೆ ಎಂದುಕೊಳ್ಳಿ. ಅತ್ತೆಗೆ 67, ಗಂಡ ತೀರಿಕೊಂಡಿದ್ದಾನೆ. ಮಗ ಗೌಂಡಿ, 38. ಸೊಸೆ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಮೊಮ್ಮಗಳು ಒಂಬತ್ತನೇ ತರಗತಿ, ಮೊಮ್ಮಗ ಪಿಯುಸಿ. ಕಾರ್ಡ್ ಬಿಪಿಎಲ್, ಅಂದರೆ ಆದ್ಯತಾ ಪಡಿತರ ಚೀಟಿ. ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಅತ್ತೆಯ ಹೆಸರಿದ್ದರೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಅವರ ಖಾತೆಗೇ. 65 ದಾಟಿದವರ ಪಿಂಚಣಿಯಾದ ಸಂಧ್ಯಾ ಸುರಕ್ಷಾದ 1,200 ರೂಪಾಯಿಯೂ, ಆದಾಯ ಮಿತಿಯೊಳಗಿದ್ದರೆ, ಅವರಿಗೇ. ಪಿಂಚಣಿ ಬಂದರೆ ಗೃಹಲಕ್ಷ್ಮಿ ಬರುವುದಿಲ್ಲ ಎಂದು ಓಣಿಯಲ್ಲಿ ಹೇಳುವವರಿದ್ದಾರೆ, ಅದು ಸುಳ್ಳು. ಆದರೆ ಎರಡು ಪಿಂಚಣಿ ಒಬ್ಬರಿಗೆ ಸಿಗುವುದಿಲ್ಲ: ವಿಧವಾ ವೇತನ 800, ಸಂಧ್ಯಾ ಸುರಕ್ಷಾ 1,200, ಇವೆರಡರಲ್ಲಿ ಒಂದು. 65 ದಾಟಿದವರು ಇನ್ನೂ 800 ರೂಪಾಯಿಯ ಪಿಂಚಣಿಯಲ್ಲೇ ಇದ್ದರೆ ನಾಡಕಚೇರಿಯಲ್ಲಿ ಕೇಳಿ. ಮಗನಿಗೆ ಕಟ್ಟಡ ಕಾರ್ಮಿಕರ ಕಾರ್ಡ್. ಮಕ್ಕಳಿಬ್ಬರಿಗೂ ವಿದ್ಯಾರ್ಥಿವೇತನ. ಇಡೀ ಮನೆಗೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಖರ್ಚು, 200 ಯೂನಿಟ್‌ವರೆಗಿನ ಗೃಹಜ್ಯೋತಿ. ಒಂದೇ ಕಾರ್ಡಿನ ಮೇಲೆ ಇಷ್ಟು ನಿಂತಿರುತ್ತದೆ.

ಆದ್ದರಿಂದ ಕಾರ್ಡ್ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ಸ್ವಂತ ಬಳಕೆಗೆ ವೈಟ್ ಬೋರ್ಡ್ ಕಾರು ಇಟ್ಟವರು, ಊರಲ್ಲಿ 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಇರುವವರು, ಶಹರದಲ್ಲಿ 1,000 ಚದರ ಅಡಿಗಿಂತ ದೊಡ್ಡ ಪಕ್ಕಾ ಮನೆ ಇರುವವರು ಹೊರಗೆ. ಬಾಡಿಗೆ ಓಡಿಸಿ ಹೊಟ್ಟೆ ಹೊರೆಯುವ ಹಳದಿ ಬೋರ್ಡಿನ ಗಾಡಿಗೆ ಈ ತಕರಾರಿಲ್ಲ. ಸತತ ಆರು ತಿಂಗಳು ರೇಷನ್ ಎತ್ತದ ಕಾರ್ಡುಗಳನ್ನು ತಡೆಹಿಡಿಯುವುದುಂಟು. ಮುಂಡರಗಿ, ರೋಣದ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲೇ. ಕಾರ್ಡಿನ ನಂಬರು ಗೊತ್ತಿದ್ದು ಹೆಬ್ಬೆಟ್ಟು ಕೊಟ್ಟರೆ ಕರ್ನಾಟಕದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲೂ, ಗೋವಾದಲ್ಲಿ ಕೂಡ, ಧಾನ್ಯ ಸಿಗುತ್ತದೆ. ಬೇರೆ ರಾಜ್ಯದಲ್ಲಿ ಕೇಂದ್ರದ ಪಾಲು ಮಾತ್ರ, ಆದರೂ ಕಾರ್ಡ್ ಜೀವಂತ ಇರುತ್ತದೆ.

ಇ-ಕೆವೈಸಿಯನ್ನು (ಹೆಬ್ಬೆಟ್ಟು ಕೊಟ್ಟು ಆಧಾರ್ ದೃಢಪಡಿಸುವುದು) ಮನೆಯ ಪ್ರತಿಯೊಬ್ಬರೂ ಮಾಡಿಸಬೇಕು, ಯಜಮಾನಿಯೊಬ್ಬರು ಕೊಟ್ಟರೆ ಮುಗಿಯುವುದಿಲ್ಲ. ಸಿಮೆಂಟಿನಲ್ಲಿ ಬೆರಳು ಸವೆದ ಗೌಂಡಿಗಳದ್ದು, ವಯಸ್ಸಾದವರದ್ದು ಯಂತ್ರ ಹಿಡಿಯದಿದ್ದರೆ ಅಂಗಡಿಯವರ ಜೊತೆ ಜಗಳಾಡಿ ಫಾಯದೆ ಇಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ಕೊಟ್ಟು ಬನ್ನಿ. ಮಕ್ಕಳಿಗೆ 5 ಮತ್ತು 15 ತುಂಬಿದಾಗ ಇದು ಕಡ್ಡಾಯ. 15ರ ನವೀಕರಣ ಮರೆತ ಮಗುವಿನ ವಿದ್ಯಾರ್ಥಿವೇತನ ಹತ್ತನೇ ತರಗತಿಯ ಹೊತ್ತಿಗೆ ನಿಂತರೆ, ಕಾರಣ ಬೇರೆಲ್ಲೋ ಹುಡುಕುತ್ತ ಕೂರುತ್ತಾರೆ.

ಹೆಸರು ಒಂದೇ ಇರಲಿ

ಅರ್ಹತೆ ಇಲ್ಲದೆ ತಿರಸ್ಕೃತವಾಗುವ ಅರ್ಜಿಗಳಿಗಿಂತ ಹೆಸರು ಹೊಂದದೆ ಕೊಳೆಯುವ ಅರ್ಜಿಗಳ ಕಾಟವೇ ದೊಡ್ಡದು. ನಮ್ಮ ಭಾಗದಲ್ಲಿ ಇದಕ್ಕೆ ಖಾಸಾ ಕಾರಣವಿದೆ. 'ಯಲ್ಲವ್ವ' ಎಂಬ ಹೆಸರು ತೆಗೆದುಕೊಳ್ಳಿ. ಕನ್ನಡದಲ್ಲಿ ಗೊಂದಲವೇ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಹೋದ ಕೂಡಲೇ ಒಬ್ಬರು ಎರಡು 'ವಿ' ಹಾಕುತ್ತಾರೆ, ಇನ್ನೊಬ್ಬರು ಒಂದು 'ಡಬ್ಲ್ಯು', ಮತ್ತೊಬ್ಬರು ಅದನ್ನು 'ಯಲ್ಲಮ್ಮ' ಮಾಡಿಬಿಡುತ್ತಾರೆ. ಮೇಲೆ ಅಡ್ಡಹೆಸರಿನ ರಗಳೆ ಬೇರೆ: ಆಧಾರ್‌ನಲ್ಲಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂದು ಮೂರೂ ಇರುತ್ತವೆ, ಪಾಸ್‌ಬುಕ್‌ನಲ್ಲಿ ಎರಡೇ, ರೇಷನ್ ಕಾರ್ಡಿನಲ್ಲಿ ಒಂದೇ. ಮದುವೆಯಾಗಿ ಬಂದವರ ಶಾಲಾ ದಾಖಲೆ ತವರಿನ ಅಡ್ಡಹೆಸರಿನಲ್ಲಿರುತ್ತದೆ. ಕಚೇರಿಯ ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು.

ಹಾಳೆಯ ಮೇಲೆ ನಾಲ್ಕು ಗೆರೆ ಎಳೆದು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಶಾಲೆ ಅಥವಾ ಜಾತಿ ಪ್ರಮಾಣಪತ್ರದಲ್ಲಿ ಹೆಸರು ಹೇಗಿದೆಯೋ ಹಾಗೇ, ಅಕ್ಷರ ಬಿಡದೆ ಇಳಿಸಿ. ವ್ಯತ್ಯಾಸ ಕಂಡರೆ ಆಧಾರ್ ತಿದ್ದಲು ಓಡಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಆಧಾರ್‌ನಲ್ಲಿ ಇರುವುದು ಸರಿಯಿದ್ದರೆ ಬ್ಯಾಂಕು, ರೇಷನ್ ಕಾರ್ಡುಗಳನ್ನು ಅದಕ್ಕೆ ತಕ್ಕಂತೆ ಮಾಡಿಸಿ. ಬ್ಯಾಂಕಿನಲ್ಲಿ ಕೆವೈಸಿ ಫಾರಂ, ಆಧಾರ್ ಪ್ರತಿ ಕೊಟ್ಟರೆ ಮುಗಿಯಿತು. ಮಕ್ಕಳ ಹೆಸರು ಶಾಲೆಯ ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ಆನ್‌ಲೈನ್) ದಾಖಲೆಯಲ್ಲಿ ತಪ್ಪಿದ್ದರೆ ಮುಖ್ಯೋಪಾಧ್ಯಾಯರನ್ನು ಹತ್ತನೇ ತರಗತಿಗೆ ಬರುವ ಮೊದಲೇ ಹಿಡಿಯಿರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ಅದೇ ತಿದ್ದುಪಡಿಗೆ ಮಂಡಳಿಯವರೆಗೆ ಹೋಗಬೇಕು.

ವಯಸ್ಸಿನ ತಕರಾರು ಮುದುಕರದ್ದು. ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆ ಆಧಾರ್ ಮಾಡುವಾಗ ಅಂದಾಜಿನ ಇಸವಿ ಹಾಕಿ ಜನವರಿ 1 ಎಂದು ಬರೆದದ್ದು ಹೆಚ್ಚು. ಆ ಅಂದಾಜಿನಲ್ಲಿ ವಯಸ್ಸು ನಾಲ್ಕು ವರ್ಷ ಕಡಿಮೆಯಾಗಿದ್ದರೆ ಪಿಂಚಣಿಯೂ ನಾಲ್ಕು ವರ್ಷ ತಡ. ತಿದ್ದಿಸಲು ಇರುವುದು ಒಂದೇ ಅವಕಾಶ, ಆದ್ದರಿಂದ ಮೊದಲು ಹಳೆಯ ಶಾಲಾ ದಾಖಲಾತಿ ಸಿಗುತ್ತದೆಯೇ ನೋಡಿ. ನಾಲ್ಕನೇ ಇಯತ್ತೆವರೆಗೆ ಓದಿದ್ದರೂ ಊರಿನ ಕನ್ನಡ ಶಾಲೆಯ ರಿಜಿಸ್ಟರಿನಲ್ಲಿ ಹೆಸರು ಇರಬಹುದು.

ದುಡ್ಡು ಯಾವ ಬ್ಯಾಂಕಿಗೆ ಹೋಯಿತು?

'ಮಂಜೂರಾಗಿದೆ ಅಂತಾರ, ಖಾತೆಗೆ ಬಂದಿಲ್ಲರಿ.' ದಿನಕ್ಕೆ ಹತ್ತು ಸಲ ಕೇಳುವ ಮಾತು. ಈ ಹಣ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆ ನಂಬರಿಗಲ್ಲ, ಆಧಾರ್‌ಗೆ ಜೋಡಿಸಿದ ಬ್ಯಾಂಕಿಗೆ. ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೂ ಈ ಜೋಡಣೆ ಒಂದಕ್ಕೇ, ಕೊನೆಯದಾಗಿ ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದೀರೋ ಅದಕ್ಕೆ. ಸಂಘದ ಸಾಲಕ್ಕೆಂದೋ, ಸಿಮ್ ಜೊತೆಗೆ ಸಿಕ್ಕ ಪೇಮೆಂಟ್ ಬ್ಯಾಂಕ್ ಖಾತೆಗೆಂದೋ ಎಂದೋ ಹೆಬ್ಬೆಟ್ಟು ಒತ್ತಿ ಮರೆತಿದ್ದರೆ, ಹಣ ಅಲ್ಲಿ ತಣ್ಣಗೆ ಕೂತಿರುತ್ತದೆ.

ನೋಡುವುದು ಹೀಗೆ. ಮೊಬೈಲಿನಲ್ಲಿ 'ಡಿಬಿಟಿ ಕರ್ನಾಟಕ' ಆ್ಯಪ್ ಹಾಕಿಕೊಳ್ಳಿ. ಆಧಾರ್ ನಂಬರು ಕೊಟ್ಟರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಒಳಗೆ ಹೋದರೆ ಯಾವ ಯೋಜನೆಯ ಎಷ್ಟು ಹಣ, ಯಾವ ದಿನ, ಯಾವ ಬ್ಯಾಂಕಿಗೆ ಬಿತ್ತು ಎಂಬುದು ಸಾಲಾಗಿ ಕಾಣುತ್ತದೆ. ಅಲ್ಲೇ ಆಧಾರ್ ಜೋಡಣೆಯ ಸ್ಥಿತಿಯೂ ಇದೆ. 'ಇನ್‌ಆ್ಯಕ್ಟಿವ್' ಎಂದಿದ್ದರೆ ಬ್ಯಾಂಕಿಗೆ ಹೋಗಿ 'ಆಧಾರ್ ಲಿಂಕ್ ಮಾಡಿ' ಎಂದಷ್ಟೇ ಹೇಳಬೇಡಿ, ಬಹಳ ಕಡೆ ಅದು ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ ಮಾತ್ರ ಲಿಂಕ್ ಆಗುತ್ತದೆ. 'ಎನ್‌ಪಿಸಿಐ ಮ್ಯಾಪಿಂಗ್ ಮಾಡಿ, ಸರ್ಕಾರದ ಹಣ ಬರಬೇಕು' ಎಂದು ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಕೆಲ ದಿನ ಬಿಟ್ಟು ಆ್ಯಪ್‌ನಲ್ಲಿ ಮತ್ತೆ ನೋಡಿ. ಬ್ಯಾಂಕಿನ ಸರದಿ ಬೇಡವೆನಿಸಿದರೆ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನು ಪೋಸ್ಟ್‌ಮನ್ ಮನೆಬಾಗಿಲಲ್ಲೇ ತೆರೆದು ಮ್ಯಾಪಿಂಗ್ ಮಾಡಿಕೊಡುತ್ತಾರೆ. ಕಾಲು ನಡೆಯದ ಮುದುಕರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಮತ್ತೆ ಕೆವೈಸಿ ಕೊಟ್ಟು ಎಬ್ಬಿಸಬೇಕು. ಮಂದಿ ಇಂದಿಗೂ 'ವಿಕಾಸ ಬ್ಯಾಂಕ್' ಎನ್ನುವ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಸಿಂಡಿಕೇಟ್ 2020ರಲ್ಲೇ ಕೆನರಾದಲ್ಲಿ ಸೇರಿತು. ಹಳೆಯ ಪಾಸ್‌ಬುಕ್ಕಿನ ಜೆರಾಕ್ಸ್ ಅರ್ಜಿಗೆ ಲಗತ್ತಿಸುವ ಮೊದಲು ಹೊಸ ಪಾಸ್‌ಬುಕ್ ಮಾಡಿಸಿಕೊಳ್ಳಿ.

ಯಾವ ಕೆಲಸಕ್ಕೆ ಯಾವ ಬಾಗಿಲು

ಜಾತಿ-ಆದಾಯ ಪ್ರಮಾಣಪತ್ರ ಮತ್ತು ಎಲ್ಲ ಪಿಂಚಣಿಗಳ ಬಾಗಿಲು ನಾಡಕಚೇರಿ, ಹೋಬಳಿಗೊಂದು. ಅರ್ಜಿ ಅಲ್ಲಿಂದ ತಲಾಟಿಯ ಬಳಿ ಹೋಗಿ (ಈಗಿನ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ), ಕಂದಾಯ ನಿರೀಕ್ಷಕರನ್ನು ದಾಟಿ ಮಂಜೂರಾತಿಗೆ ಏರುತ್ತದೆ. ಹಳ್ಳಿಯಲ್ಲಿ ಗ್ರಾಮ ಒನ್, ಹುಬ್ಬಳ್ಳಿ-ಧಾರವಾಡದಲ್ಲಿ ಕರ್ನಾಟಕ ಒನ್ ಕೇಂದ್ರಗಳಲ್ಲೂ ಅರ್ಜಿ ಹಾಕಬಹುದು. ರೇಷನ್ ಕಾರ್ಡಿನ ತಿದ್ದುಪಡಿ ಕಿಟಕಿ ಮಾತ್ರ ಯಾವಾಗಲೂ ತೆರೆದಿರುವುದಿಲ್ಲ. ತೆರೆದ ದಿನ ಸರ್ವರ್ ಎಳೆಯುವುದಿಲ್ಲ, 'ನಾಳಿಗಿ ಬರ್ರಿ' ಎನ್ನುವುದು ಸುಳ್ಳೇನಲ್ಲ. ಕಾಗದ ತಯಾರಿಟ್ಟುಕೊಂಡು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗುವುದೊಂದೇ ಉಪಾಯ. ಗೃಹಲಕ್ಷ್ಮಿಯ ಗಂಟುಗಳನ್ನು ಬಿಡಿಸುವವರು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಗೊತ್ತು ಮಾಡಿಕೊಡುವವರು ನಿಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆ. ಗೃಹಜ್ಯೋತಿಯನ್ನು ಬಾಡಿಗೆದಾರರೂ ಪಡೆಯಬಹುದು: ಬಿಲ್ಲಿನ ಮೇಲಿನ ಅಕೌಂಟ್ ಐಡಿ, ಆಧಾರ್, ಬಾಡಿಗೆ ಕರಾರುಪತ್ರ ಸಾಕು. ಮನೆ ಬದಲಿಸುವಾಗ ಹಳೆಯ ಮೀಟರಿನಿಂದ ಆಧಾರ್ ಬಿಡಿಸಿಕೊಂಡು ಹೋಗಿ, ಇಲ್ಲವಾದರೆ ಹೊಸ ಮನೆಯ ಮೀಟರಿಗೆ ಅದು ಸೇರುವುದಿಲ್ಲ. ಹಾವೇರಿಯವರಿಗೆ ಒಂದು ಮಾತು: ಜಿಲ್ಲಾ ಕಚೇರಿಗಳು ಪೇಟೆಯಲ್ಲಿಲ್ಲ, ದೇವಗಿರಿಯ ಜಿಲ್ಲಾಡಳಿತ ಭವನದಲ್ಲಿವೆ. ಹಿರೇಕೆರೂರು, ರಟ್ಟಿಹಳ್ಳಿಯಿಂದ ಬರುವವರು ತಾಲೂಕಿನಲ್ಲೇ ಆಗುವ ಕೆಲಸಕ್ಕೆ ಅಷ್ಟು ದೂರ ಬರುವುದು ಬೇಡ. ಹೆಣ್ಣುಮಕ್ಕಳಿಗೆ ಬಸ್ಸೇನೋ ಪುಕ್ಕಟೆ, ಹೋದ ದಿನದ ಕೂಲಿ ಯಾರೂ ಕೊಡುವುದಿಲ್ಲ.

ಮೈಸ್ಕೀಮ್ ಎಂಬ ಕೇಂದ್ರದ ಜಾಲತಾಣದಲ್ಲಿ ವಯಸ್ಸು, ಆದಾಯ, ಜಾತಿ ವರ್ಗ, ಕೆಲಸ ಕೊಟ್ಟರೆ ಹೊಂದುವ ಯೋಜನೆಗಳನ್ನು ಅದೇ ಆರಿಸಿ ತೋರಿಸುತ್ತದೆ. ಹಾಳೆಯ ಮೇಲಿನ ಒಬ್ಬೊಬ್ಬರಿಗೂ ಒಮ್ಮೆ ಹಾಕಿ ನೋಡುವುದಕ್ಕೆ ಅಡ್ಡಿಯಿಲ್ಲ. ಅಲ್ಲಿ ಕಂಡದ್ದೆಲ್ಲ ಕೈಗೆ ಬರುತ್ತದೆಂದು ಮಾತ್ರ ತಿಳಿಯಬೇಡಿ.

ಆದಾಯ ಪ್ರಮಾಣಪತ್ರದ ಬಲೆ

ಸಾಮಾಜಿಕ ಭದ್ರತಾ ಪಿಂಚಣಿಗೆ ವಾರ್ಷಿಕ ಆದಾಯ ಮಿತಿ 32,000 ರೂಪಾಯಿ. ಬಿಪಿಎಲ್ ಕಾರ್ಡಿಗೆ 1.20 ಲಕ್ಷ. ಪರಿಶಿಷ್ಟ ಜಾತಿ, ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ 2.5 ಲಕ್ಷ. ಬಿಪಿಎಲ್ ಇದೆ, ಹಾಗಾಗಿ ಪಿಂಚಣಿ ಖಾತ್ರಿ ಎಂದುಕೊಂಡವರ ಅರ್ಜಿ ಬೀಳುವುದು ಇದೇ ಸಂದಿನಲ್ಲಿ. ಐದು ವರ್ಷ ಬಾಳುವ ಆದಾಯ ಪ್ರಮಾಣಪತ್ರವನ್ನು ಮೊಮ್ಮಗನ ಕಾಲೇಜಿಗೆಂದು ಮಾಡಿಸುವಾಗ ಬಾಯಿಗೆ ಬಂದ ಅಂಕಿ ಹೇಳಿರುತ್ತಾರೆ, ಅದೇ ಕಡತ ನಂತರ ಅಜ್ಜಿಯ ಪಿಂಚಣಿಗೆ ಅಡ್ಡ ಬರುತ್ತದೆ. ತಲಾಟಿ ಮನೆಗೆ ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿ, ಆದರೆ ಲೆಕ್ಕ ಮಾಡಿ ಹೇಳಿ: ಕೂಲಿ ವರ್ಷಕ್ಕೆ ಎಷ್ಟು ದಿನ ಸಿಗುತ್ತದೆ, ಹೊಲ ಇದ್ದರೆ ಖರ್ಚು ಕಳೆದು ಏನು ಉಳಿಯುತ್ತದೆ. ದಿನದ ಪಗಾರಕ್ಕೆ 365 ಗುಣಿಸಿದರೆ ಯಾವ ಕೂಲಿಯವನೂ ಬಡವನಲ್ಲ.

ಅಂಗವಿಕಲರ ಪಿಂಚಣಿ 40ರಿಂದ 74 ಶೇಕಡಕ್ಕೆ 800, 75 ಮತ್ತು ಮೇಲ್ಪಟ್ಟು 1,400. ಇದಕ್ಕೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಬೇಕು. ಆನ್‌ಲೈನ್ ಅರ್ಜಿ ಹಾಕಿ, ಆಸ್ಪತ್ರೆಯ ವೈದ್ಯಕೀಯ ಮಂಡಳಿ ಕರೆದ ದಿನ ಹೋಗಬೇಕು: ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಜಿಲ್ಲಾಸ್ಪತ್ರೆ, ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾಸ್ಪತ್ರೆ. ಮಾನಸಿಕ ಕಾಯಿಲೆಯ ವಿಷಯಕ್ಕೆ ಧಾರವಾಡದ ಡಿಮ್ಹಾನ್ಸ್. ಹಳೆಯ ಚಿಕಿತ್ಸೆಯ ಚೀಟಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.

ಆಸ್ಪತ್ರೆಗೆ ದುಡ್ಡು ಕಟ್ಟುವ ಮೊದಲು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತಪ್ಪುವುದು ಕ್ರಮದಲ್ಲಿ: ಮೊದಲು ಖಾಸಗಿ ಆಸ್ಪತ್ರೆಗೆ ಸೇರಿಸಿ, ಒಡವೆ ಅಡವಿಟ್ಟು ಬಿಲ್ ಕಟ್ಟಿ, ಆಮೇಲೆ ಕಾರ್ಡ್ ತೋರಿಸುತ್ತಾರೆ. ಕಟ್ಟಿದ ಹಣ ಈ ಯೋಜನೆಯಲ್ಲಿ ಹಿಂದಿರುಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರೇ ರೆಫರಲ್ ಪತ್ರ ಬರೆದುಕೊಡುತ್ತಾರೆ, ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ. ತುರ್ತು ಎಂದು ಪಟ್ಟಿಯಾದ ಚಿಕಿತ್ಸೆಗಳಿಗೆ ರೆಫರಲ್ ಬೇಡ, ನೇರ ಹೋಗಬಹುದು. ಎಲ್ಲಿಗೆ ಹೋದರೂ ಕ್ಯಾಶ್ ಕೌಂಟರಿಗಿಂತ ಮುಂಚೆ ಆರೋಗ್ಯಮಿತ್ರರ (ಈ ಯೋಜನೆಯ ಸಹಾಯಕರು) ಮೇಜು ಹುಡುಕಿ, ಮೂಲ ರೇಷನ್ ಕಾರ್ಡ್ ಮತ್ತು ಆಧಾರ್ ಕೊಡಿ.

ದುಡಿಮೆಯ ಮೇಲೆ ಬರುವವು

ಗೌಂಡಿ, ಸೆಂಟ್ರಿಂಗ್, ಟೈಲ್ಸ್, ಪೇಂಟಿಂಗ್, ವೈರಿಂಗ್ ಕೆಲಸದವರು, ಗಂಡಸಾಗಲಿ ಹೆಂಗಸಾಗಲಿ, 18ರಿಂದ 60ರ ಒಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಅರ್ಹರು. ಮದುವೆಗೆ 60,000 ರೂಪಾಯಿ ಸಹಾಯಧನ, ಮಕ್ಕಳ ಓದಿಗೆ ನೆರವು, 60ರ ನಂತರ ಪಿಂಚಣಿ, ಕೆಲಸದಲ್ಲಿ ಅಪಘಾತವಾದರೆ ಪರಿಹಾರ. 90 ದಿನಕ್ಕೆ ಮಾಲೀಕರ ಅಥವಾ ಗುತ್ತಿಗೆದಾರರ ಉದ್ಯೋಗ ದೃಢೀಕರಣ ಬೇಕು. ಇದನ್ನು ದುಡ್ಡಿಗೆ ಬರೆದುಕೊಡುವ ಏಜೆಂಟರಿದ್ದಾರೆ. ಪರಿಶೀಲನೆಗೆ ಬಂದ ಕಾರ್ಮಿಕ ನಿರೀಕ್ಷಕರು 'ಎಲ್ಲಿ ಕೆಲಸ, ಯಾರ ಮನೆ' ಎಂದು ಕೇಳಿದಾಗ ಉತ್ತರ ಬರದಿದ್ದರೆ ಕಾರ್ಡ್ ರದ್ದು. ಹಾಗೆ ರದ್ದಾದವು ಸಾಕಷ್ಟಿವೆ. ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮದುವೆ ಸಹಾಯಧನಕ್ಕೆ ಮದುವೆಯ ನೋಂದಣಿ ಪತ್ರ ಕೇಳುತ್ತಾರೆ, ಮದುವೆ ಮುಗಿದ ಕೂಡಲೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿಬನ್ನಿ.

ಅಮರಗೋಳ ಎಪಿಎಂಸಿಯ ಹಮಾಲರು, ಮನೆಗೆಲಸದವರು, ಟೇಲರ್‌ಗಳು ಕಟ್ಟಡ ಕಾರ್ಡಿನ ಬೆನ್ನು ಹತ್ತುವುದು ಬೇಡ. ಅಸಂಘಟಿತ ಕಾರ್ಮಿಕರ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಅವರಿಗಾಗಿಯೇ ಇದೆ. ಗದಗ-ಬೆಟಗೇರಿಯ ಕೈಮಗ್ಗ ನೇಕಾರರಿಗೆ ನೇಕಾರ ಸಮ್ಮಾನ್ ವರ್ಷಕ್ಕೆ 5,000. ಹೊಲ ಇರುವವರಿಗೆ ಪಿಎಂ ಕಿಸಾನ್ ವರ್ಷಕ್ಕೆ 6,000, ಮೂರು ಕಂತು. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಪಹಣಿ ಬದಲಾವಣೆ), ಆಮೇಲೆ ಉಳಿದದ್ದು. ಇ-ಶ್ರಮ್ ಕಾರ್ಡ್ ಮಾಡಿಸಿ ಇಟ್ಟುಕೊಳ್ಳಿ, ಆದರೆ ಅದೊಂದು ನೋಂದಣಿ ಅಷ್ಟೇ. ಮಾಡಿಸಿದ ಮಾತ್ರಕ್ಕೆ ತಿಂಗಳಿಗೆ ಇಷ್ಟು ಬರುತ್ತದೆ ಎಂಬ ವಾಟ್ಸ್ಆ್ಯಪ್ ಸುದ್ದಿ ನಂಬಬೇಡಿ.

ಮನೆಯಲ್ಲಿ ಸಾವಾದಾಗ

ಈ ಹೊತ್ತಿನಲ್ಲಿ ಯಾರಿಗೂ ಕಾಗದದ ನೆನಪಾಗುವುದಿಲ್ಲ. ಆದ್ದರಿಂದ ಇದನ್ನು ಓಣಿಯಲ್ಲಿ ಓದಲು ಬರುವ ಒಬ್ಬರು ಮಾಡಿಕೊಡಬೇಕು. ಮರಣ ನೋಂದಣಿ 21 ದಿನದೊಳಗೆ. ತಡವಾದರೆ ದಂಡ, ಒಂದು ವರ್ಷ ದಾಟಿದರೆ ಮೇಲಧಿಕಾರಿಯ ಆದೇಶ. ಪ್ರಮಾಣಪತ್ರದ ಐದಾರು ಪ್ರತಿ ತೆಗೆದುಕೊಳ್ಳಿ.

ಆಮೇಲೆ ತೀರಿಹೋದವರ ಪಾಸ್‌ಬುಕ್ ಪ್ರಿಂಟ್ ಹಾಕಿಸಿ, ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, ಸಾವು ಹೇಗೇ ಆಗಿರಲಿ 2 ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅಪಘಾತದಲ್ಲಿ ಸತ್ತಿದ್ದರೆ 2 ಲಕ್ಷ. ಬದುಕಿದ್ದವರಿಗೇ ತಮ್ಮ ಹೆಸರಿನಲ್ಲಿ ವಿಮೆ ಇದೆಯೆಂದು ಗೊತ್ತಿರುವುದಿಲ್ಲ, ಖಾತೆ ತೆರೆಯುವಾಗ ಒತ್ತಿದ ಹೆಬ್ಬೆಟ್ಟಿನಲ್ಲಿ ಅದೂ ಸೇರಿರುತ್ತದೆ. ಬ್ಯಾಂಕಿನಲ್ಲಿ ಕ್ಲೇಮ್ ಫಾರಂ ಕೇಳಿ, ತಡಮಾಡದೆ ಕೊಡಿ. ಅಪಘಾತವಾದರೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ ಬೇಕು. ಹಾವು ಕಚ್ಚಿ ಸತ್ತವರ ಮನೆಯವರು ಮರಣೋತ್ತರ ಪರೀಕ್ಷೆ ಬೇಡವೆಂದು ಹೆಣ ಒಯ್ಯುತ್ತಾರೆ, ಪರಿಹಾರದ ಬಾಗಿಲು ಅಲ್ಲೇ ಮುಚ್ಚುತ್ತದೆ.

ದುಡಿಯುವ ವ್ಯಕ್ತಿ 18ರಿಂದ 59ರ ಒಳಗೆ ತೀರಿಕೊಂಡರೆ, ಬಿಪಿಎಲ್ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಂದು ಸಲ 20,000 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ, ಹೆಂಡತಿಯ ವಿಧವಾ ವೇತನದ ಅರ್ಜಿಯೂ ಅಂದೇ ಕೊಡಬಹುದು. ತೀರಿಕೊಂಡವರು ಮನೆಯ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿ ತಾನಾಗಿ ಸೊಸೆಗೆ ಬರುವುದಿಲ್ಲ. ಅತ್ತೆಯ ಹೆಸರು ತೆಗೆಸಿ, ರೇಷನ್ ಕಾರ್ಡಿನಲ್ಲಿ ಸೊಸೆಯನ್ನು ಯಜಮಾನಿ ಮಾಡಿಸಿ, ಆಮೇಲೆ ಹೊಸ ಅರ್ಜಿ. ಹೆಸರು ತೆಗೆಸದೆ ಅತ್ತೆಯ ಖಾತೆಯಿಂದ ಹಣ ಬಿಡಿಸಿಕೊಳ್ಳುತ್ತ ಹೋದರೆ ಮುಂದೆ ಅದು ವಸೂಲಿಗೆ ಬರುತ್ತದೆ.

ಅರ್ಜಿ ಎಲ್ಲಿ ಕೂತಿದೆ

ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಗೊತ್ತಾದ ದಿನದೊಳಗೆ ಕೆಲಸ ಮುಗಿಸಬೇಕೆನ್ನುವ ಸಕಾಲ ಕಾನೂನಿನ ವ್ಯಾಪ್ತಿಯ ಸೇವೆಯಾದರೆ ಅದರಲ್ಲಿ 15 ಅಂಕಿಯ ನಂಬರು, ಕೆಲಸ ಮುಗಿಯಬೇಕಾದ ದಿನ ಎರಡೂ ಇರುತ್ತವೆ. ಆ ದಿನ ದಾಟಿದರೆ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರಕ್ಕೂ ಅವಕಾಶವಿದೆ. ಚೀಟಿ ಇಲ್ಲದ ಅರ್ಜಿಗೆ ಇದಾವುದೂ ಇಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರೆದುಕೊಡಲು ಕೇಳಿ. 'ನಿಮಗೆ ಬರೂದಿಲ್ಲ' ಎಂದು ಬಾಯಲ್ಲಿ ಹೇಳಿದ್ದಕ್ಕೆ ಮೇಲ್ಮನವಿ ಹೋಗುವುದಿಲ್ಲ.

ಇದರ ಮೇಲೆ 1902, ಜನಸ್ಪಂದನ ಸಹಾಯವಾಣಿ. ದೂರಿನ ನಂಬರು ಬರೆದುಕೊಳ್ಳಿ. ಅದೂ ಅಲುಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಹಾಳೆ: 'ನನ್ನ ಇಂಥ ನಂಬರಿನ ಅರ್ಜಿ ಇಂದು ಯಾವ ಅಧಿಕಾರಿಯ ಬಳಿ, ಯಾವ ದಿನದಿಂದ ಇದೆ, ಅದರ ಮೇಲಿನ ಟಿಪ್ಪಣಿಯ ಪ್ರತಿ ಕೊಡಿ.' ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಬಹಳ ಸಲ ಉತ್ತರಕ್ಕಿಂತ ಮುಂಚೆ ಮಂಜೂರಾತಿ ಪತ್ರವೇ ಬರುತ್ತದೆ. ಕಾನೂನಿನ ತೊಡಕಿದ್ದರೆ ಧಾರವಾಡ, ಗದಗ, ಹಾವೇರಿ ಮೂರೂ ಕಡೆ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಫೋನ್ 15100.

ಏಜೆಂಟರ ಕೈಗೆ ಜೆರಾಕ್ಸ್ ಕೊಟ್ಟರೂ ಮೂಲ ಕಾರ್ಡ್ ಕೊಡಬೇಡಿ. ಜೆರಾಕ್ಸ್ ಮೇಲೆ 'ಸಂಧ್ಯಾ ಸುರಕ್ಷಾ ಅರ್ಜಿಗೆ ಮಾತ್ರ' ಎಂದು ತಾರೀಖು ಹಾಕಿ ಅಡ್ಡಡ್ಡ ಬರೆದು ಸಹಿ ಮಾಡಿ. ಒಟಿಪಿ ಕೇಳಿ ಫೋನ್ ಬಂದರೆ, ಅತ್ತ ಕಡೆಯವರು ಯಾವ ಇಲಾಖೆಯ ಹೆಸರು ಹೇಳಿದರೂ, ಇಟ್ಟುಬಿಡಿ.